ಈಜುಕೊಳಕ್ಕೆ ತಾನಾಗಿಯೇ ಕ್ಲೋರಿನ್: ನೀರು ಹರಿಯುವಾಗ ಮಾತ್ರ

ಪ್ರಶ್ನೆ: ಯಲಹಂಕದ ಬಳಿಯ ನಮ್ಮ ಮನೆಯ ಹಿತ್ತಲಿನಲ್ಲಿ 6 ಮೀಟರ್ ಉದ್ದ, 4 ಮೀಟರ್ ಅಗಲ ಮತ್ತು ಸರಾಸರಿ 1.3 ಮೀಟರ್ ಆಳದ ತೆರೆದ ಈಜುಕೊಳವಿದೆ. ತುಂಬಿಸಿರುವುದು ಬೋರ್‌ವೆಲ್ ನೀರು. ಪ್ರತಿ ಸಂಜೆ ದ್ರವ ಕ್ಲೋರಿನ್ನನ್ನು ಮಗ್ಗಿನಲ್ಲಿ ಅಳೆದು ಹಾಕುತ್ತೇವೆ. ಆಗಾಗ ಹಾಸನಕ್ಕೆ ಹೋಗಿ ನಾಲ್ಕು ದಿನ ಉಳಿಯಬೇಕಾಗುತ್ತದೆ. ಹಿಂತಿರುಗುವಷ್ಟರಲ್ಲಿ ನೀರು ಹಸಿರಾಗಿರುತ್ತದೆ. ಕ್ಲೋರಿನ್ನನ್ನು ಅಳತೆಯಂತೆ ತಾನಾಗಿಯೇ ಹಾಕುವ ಡೋಸಿಂಗ್ ಪಂಪ್ ಅಳವಡಿಸುವವರು, 35 ಲೀಟರ್ ಕ್ಯಾನಿಗೆ ನೇರವಾಗಿ ಟ್ಯೂಬ್ ಇಳಿಬಿಟ್ಟು ಪ್ರತ್ಯೇಕ ಟೈಮರ್ ಇಟ್ಟರೆ ಸಾಕೆನ್ನುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಡೋಸಿಂಗ್ ಪಂಪ್ ಹಾಕಿಸುವ ನಿಮ್ಮ ನಿರ್ಧಾರ ಸರಿಯಾಗಿದೆ, ಆದರೆ ಅವರು ಹೇಳಿದ ರೀತಿಯಲ್ಲಿ ದಯವಿಟ್ಟು ಹಾಕಿಸಬೇಡಿ.

ಮೊದಲು ಪ್ರಮಾಣ ನೋಡೋಣ. ನಿಮ್ಮ ಕೊಳದಲ್ಲಿ ಸುಮಾರು 31,000 ಲೀಟರ್ ನೀರಿದೆ. ಬಿಸಿಲಿಗೂ ಈಜುವವರ ಮೈಕೊಳೆಗೂ ದಿನಕ್ಕೆ 2 ಪಿಪಿಎಂ (ಲೀಟರ್ ನೀರಿಗೆ 2 ಮಿಲಿಗ್ರಾಂ) ಕ್ಲೋರಿನ್ ಕಳೆದುಹೋಗುತ್ತದೆಂದು ಇಟ್ಟುಕೊಂಡರೆ, ಅದನ್ನು ತುಂಬಲು 62 ಗ್ರಾಂ ಕ್ಲೋರಿನ್, ಅಂದರೆ 10 ಶೇಕಡಾ ಸಾಂದ್ರತೆಯ ಸೋಡಿಯಂ ಹೈಪೋಕ್ಲೋರೈಟ್ (ಅದೇ ದ್ರವ ಕ್ಲೋರಿನ್) ಸುಮಾರು 620 ಮಿಲಿಲೀಟರ್ ಬೇಕು. ಗಂಟೆಗೆ 3 ಲೀಟರ್ ಹಾಕುವ ಸಣ್ಣ ಪೆರಿಸ್ಟಾಲ್ಟಿಕ್ (ಟ್ಯೂಬನ್ನು ಒತ್ತುತ್ತಾ ದ್ರವ ಸಾಗಿಸುವ) ಪಂಪಿಗೆ ಇದು ಹನ್ನೆರಡು ನಿಮಿಷದ ಕೆಲಸ. ಅದನ್ನು ಒಂದೇ ಸಲಕ್ಕೆ ಬಿಡದೆ, ಫಿಲ್ಟರ್ ಮೋಟಾರ್ ಓಡುವ ಅವಧಿಯಲ್ಲಿ ನಾಲ್ಕೈದು ಕಂತುಗಳಾಗಿ ಹಂಚಿ, ಮೋಟಾರ್ ನಿಲ್ಲುವುದಕ್ಕೆ ಅರ್ಧ ಗಂಟೆ ಮೊದಲೇ ಮುಗಿಸಬೇಕು.

ಅಪಾಯವಿರುವುದು ಆ ಪ್ರತ್ಯೇಕ ಟೈಮರ್‌ನಲ್ಲಿ. ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಹೊಸತಲ್ಲ. ಕರೆಂಟ್ ಬಂದ ಮೇಲೆ ಫಿಲ್ಟರ್ ಮೋಟಾರಿನ ಟೈಮರ್ ಮತ್ತು ಡೋಸಿಂಗ್ ಪಂಪಿನ ಟೈಮರ್ ಬೇರೆ ಬೇರೆ ಗಂಟೆ ತೋರಿಸಿದರೆ, ನೀರು ನಿಂತ ಪೈಪಿನೊಳಗೆ ಡೋಸಿಂಗ್ ಪಂಪ್ ಕ್ಲೋರಿನ್ ತುಂಬುತ್ತಲೇ ಇರುತ್ತದೆ, ಮರುದಿನ ಮೋಟಾರ್ ಶುರುವಾದ ಕೂಡಲೇ ಆ ಗಟ್ಟಿ ದ್ರವವೆಲ್ಲ ಒಮ್ಮೆಗೇ ಕೊಳದೊಳಗೆ, ಪೈಪಿನ ಬಾಯಿಯ ಬಳಿ ಆಡುತ್ತಿರುವ ಮಕ್ಕಳ ಮುಖದ ಮೇಲೆಯೇ ಬರಬಹುದು. ಆದ್ದರಿಂದ ಡೋಸಿಂಗ್ ಪಂಪಿಗೆ ವಿದ್ಯುತ್ತನ್ನು ಫಿಲ್ಟರ್ ಮೋಟಾರಿನ ಸ್ಟಾರ್ಟರ್ ಮೂಲಕವೇ ಕೊಡಿಸಿ. ಅಷ್ಟೇ ಸಾಲದು: ಕಸ ಹಿಡಿಯುವ ಬುಟ್ಟಿಯಲ್ಲಿ ಎಲೆ ಕಟ್ಟಿಕೊಂಡು ಅಥವಾ ಗಾಳಿ ಎಳೆದುಕೊಂಡು ಮೋಟಾರ್ ನೀರಿಲ್ಲದೆ ಬರಿದೇ ತಿರುಗುವುದುಂಟು. ನೀರು ನಿಜವಾಗಿ ಹರಿಯುತ್ತಿದೆಯೇ ಎಂದು ನೋಡುವ ಫ್ಲೋ ಸ್ವಿಚ್ ಇಲ್ಲದ ವ್ಯವಸ್ಥೆಯನ್ನು ನಾನು ಯಾವ ಮನೆಗೂ ಒಪ್ಪುವುದಿಲ್ಲ.

ಕ್ಲೋರಿನ್ ಸೇರುವ ಜಾಗ ಫಿಲ್ಟರ್ ಮತ್ತು ಹೀಟರ್ ಎರಡೂ ದಾಟಿದ ಮೇಲೆ, ಕೊಳಕ್ಕೆ ಮರಳುವ ಪೈಪಿನಲ್ಲಿರಬೇಕು. ಅಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕಡ್ಡಾಯ. ನಿಮ್ಮದು ಗಡಸು ನೀರಾದರೆ ಈ ವಾಲ್ವಿನ ತುದಿಯಲ್ಲಿ ಸುಣ್ಣದಂಥ ಬಿಳಿ ಹೆಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ಸಾಕಷ್ಟು ನೀರಿನಲ್ಲಿ ತೊಳೆದು ಕ್ಲೋರಿನ್ನಿನ ಅಂಶವೇ ಉಳಿಯದಂತೆ ಮಾಡಿದ ನಂತರವಷ್ಟೇ ವಿನೆಗರ್‌ನಲ್ಲಿ ನೆನೆಸಿ. ಆಮ್ಲ ಮತ್ತು ಹೈಪೋಕ್ಲೋರೈಟ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಸಲು ತಂದ ಆಸಿಡ್ ಕ್ಯಾನನ್ನು ಇದರ ಪಕ್ಕದಲ್ಲಿಯೂ ಇಡಬೇಡಿ, ಒಂದೇ ಮಗ್ಗನ್ನು ಎರಡಕ್ಕೂ ಬಳಸಬೇಡಿ.

ದ್ರವ ಕ್ಲೋರಿನ್ ಬಿಸಿಲಿಗೂ ಶಾಖಕ್ಕೂ ಸತ್ವ ಕಳೆದುಕೊಳ್ಳುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗಿಟ್ಟ ಕ್ಯಾನು ಕೆಲವೇ ವಾರಗಳಲ್ಲಿ ದುರ್ಬಲವಾಗುವುದರಿಂದ, ಟೈಮರ್ ಬದಲಾಗದಿದ್ದರೂ ಕೊಳಕ್ಕೆ ಸೇರುವ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಮುಚ್ಚಿದ ಮೋಟಾರ್ ಕೋಣೆಯಲ್ಲಿಟ್ಟರೆ ಅದರ ಆವಿಗೆ ಪ್ಯಾನೆಲ್‌ನ ಸ್ಕ್ರೂಗಳೂ ತಂತಿಯ ತುದಿಗಳೂ ತುಕ್ಕು ಹಿಡಿಯುತ್ತವೆ.

ಯಂತ್ರ ಬಂದರೂ ಪರೀಕ್ಷೆ ಬಿಡುವಂತಿಲ್ಲ. ಪಿಎಚ್ 7.2ರಿಂದ 7.6, ಕ್ಲೋರಿನ್ 2ರಿಂದ 3 ಪಿಪಿಎಂ ಇರಲಿ. ಮೊದಲ ಎರಡು ವಾರ ದಿನವೂ ನೋಡಿ ನಿಮಿಷಗಳನ್ನು ಹೊಂದಿಸಿಕೊಳ್ಳಿ. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿಯಾಗಿಸುವ ಡಿಪಿಡಿ ಎಂಬ ಪರೀಕ್ಷಾ ಮಾತ್ರೆ ಹಾಕಿದಾಗ ಪರೀಕ್ಷೆಗೆ ತೆಗೆದ ನೀರು ಒಂದು ಕ್ಷಣ ಗುಲಾಬಿಯಾಗಿ ಮತ್ತೆ ಬಿಳಿಚಿಕೊಂಡರೆ ಕ್ಲೋರಿನ್ ಇಲ್ಲವೆಂದು ತಿಳಿಯಬೇಡಿ. ಅತಿಯಾದ ಕ್ಲೋರಿನ್ ಆ ಬಣ್ಣವನ್ನೇ ಅಳಿಸಿರುತ್ತದೆ. ಪರೀಕ್ಷೆಗೆ ತೆಗೆದ ಕೊಳದ ನೀರಿಗೆ ಕ್ಲೋರಿನ್ ಇಲ್ಲದ ಒಳ್ಳೆಯ ನೀರನ್ನು ಅಳತೆ ಮಾಡಿ ಬೆರೆಸಿ ಮತ್ತೆ ಪರೀಕ್ಷಿಸಿ.

ಕೊನೆಯದಾಗಿ ಹಾಸನದ ಪ್ರಯಾಣ. 35 ಲೀಟರ್ ಕ್ಯಾನಿಗೆ ನೇರವಾಗಿ ಟ್ಯೂಬ್ ಇಳಿಬಿಟ್ಟು, ಎಲ್ಲೋ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಅಂಟಿಕೊಂಡು ಪಂಪ್ ನಿಲ್ಲದೇ ಹೋದರೆ, ನಿಮ್ಮ ಕೊಳದ ನೀರು 100 ಪಿಪಿಎಂ ದಾಟುತ್ತದೆ. ಅದರ ಬದಲು ಪಂಪಿಗೆ 5 ಲೀಟರಿನ ಬೇರೆ ಡಬ್ಬ ಇಟ್ಟು, ಹೊರಡುವ ಬೆಳಿಗ್ಗೆ ನಾಲ್ಕು ದಿನಕ್ಕೆ ಬೇಕಾದ ಎರಡೂವರೆ ಲೀಟರ್ ಮಾತ್ರ ತುಂಬಿಸಿ. ಎಲ್ಲವೂ ಒಮ್ಮೆಗೇ ಸುರಿದರೂ ಹೆಚ್ಚುವುದು 8 ಪಿಪಿಎಂ ಅಷ್ಟೇ; ಹಿಂತಿರುಗಿ ಪರೀಕ್ಷಿಸಿ, ಬಿಸಿಲಿಗೆ ಅದು 3 ಪಿಪಿಎಂವರೆಗೆ ಇಳಿದ ಮೇಲೆ ಮಕ್ಕಳನ್ನು ನೀರಿಗಿಳಿಸಬಹುದು.