ಪೆಟ್ಟಿಗೆಯ ವೈನೂ ಅಳತೆಯ ಲೋಟವೂ

ಪ್ರಶ್ನೆ: ನಾವು ಎಂಟು ವರ್ಷಗಳಿಂದ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೆಲೆಸಿದ್ದೇವೆ. ಶನಿವಾರ ರಾತ್ರಿಯ ಊಟದೊಂದಿಗೆ ನಾನೂ ನನ್ನ ಪತ್ನಿಯೂ ಒಂದೊಂದು ಲೋಟ ವೈನ್ ಕುಡಿಯುವುದು ರೂಢಿ. ಬಾಟಲಿ ತೆರೆದರೆ ಅರ್ಧಕ್ಕಿಂತ ಹೆಚ್ಚು ಉಳಿದು, ಮುಂದಿನ ಶನಿವಾರದ ಹೊತ್ತಿಗೆ ಹುಳಿ ವಾಸನೆ ಬಂದು ಸಿಂಕಿಗೆ ಸುರಿಯಬೇಕಾಗುತ್ತಿತ್ತು. ಸಹೋದ್ಯೋಗಿಯೊಬ್ಬರ ಮಾತು ಕೇಳಿ, ನಲ್ಲಿ ಜೋಡಿಸಿದ ನಾಲ್ಕು ಲೀಟರಿನ ರಟ್ಟಿನ ಪೆಟ್ಟಿಗೆಯೊಂದನ್ನು ಕಳೆದ ತಿಂಗಳು ತಂದೆವು. ರುಚಿ ಕೊನೆಯವರೆಗೂ ಕೆಡಲಿಲ್ಲ, ಆದರೆ ಮೂರೇ ವಾರಕ್ಕೆ ಪೆಟ್ಟಿಗೆ ಬರಿದಾಯಿತು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಮುಂದಿನ ತಿಂಗಳು ಮೈಸೂರಿನಿಂದ ನನ್ನ ತಂದೆಯವರು ಬರುತ್ತಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಊಟದ ಜೊತೆ ಒಂದು ಲೋಟಕ್ಕೆ ಅವರ ಅಭ್ಯಂತರವೂ ಇಲ್ಲ. ಇಂಥ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯೇ?
— ಹೆಸರು ಬೇಡ, ಅಡಿಲೇಡ್

ಉತ್ತರ: ನೀವು ಈ ಪ್ರಶ್ನೆಯನ್ನು ಅದರ ತವರಿನಿಂದಲೇ ಕೇಳಿದ್ದೀರಿ. ನಿಮ್ಮ ಊರಿನಿಂದ ಸುಮಾರು 250 ಕಿ.ಮೀ. ದೂರದಲ್ಲಿ, ಮರ್ರೆ ನದಿಯ ದಂಡೆಯ ರೆನ್‌ಮಾರ್ಕ್‌ನಲ್ಲಿ ವೈನ್ ತಯಾರಿಸುತ್ತಿದ್ದ ಥಾಮಸ್ ಆಂಗೋವ್ ಅವರು 1965ರಲ್ಲಿ ಈ ಪೆಟ್ಟಿಗೆಗೆ ಪೇಟೆಂಟ್ ಪಡೆದರು. ಆಗ ಅದಕ್ಕೆ ನಲ್ಲಿ ಇರಲಿಲ್ಲ. ಒಳಗಿನ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ವೈನ್ ಸುರಿದುಕೊಂಡು, ಬಟ್ಟೆ ಒಣಗಿಸುವಾಗ ಹಾಕುವ ಕ್ಲಿಪ್ಪಿನಂಥದರಿಂದ ಬಾಯಿ ಬಿಗಿಯಬೇಕಿತ್ತು. ಗಾಳಿಯಾಡದ ನಲ್ಲಿ ಎರಡು ವರ್ಷಗಳ ನಂತರ, 1967ರಲ್ಲಿ ಬಂದಿತು. ಇವತ್ತು ಸ್ವೀಡನ್ನಿನಂಥ ದೇಶಗಳಲ್ಲಿಯೂ ಜನ ಮನೆಗೆ ಒಯ್ಯುವ ವೈನಿನಲ್ಲಿ ಪೆಟ್ಟಿಗೆಯದ್ದೇ ದೊಡ್ಡ ಪಾಲು.

ರುಚಿ ಕೆಡಲಿಲ್ಲವೆಂದು ನೀವು ಬರೆದಿರುವುದು ಸಹಜವೇ. ವೈನನ್ನು ಕೆಡಿಸುವುದು ಗಾಳಿಯಲ್ಲಿರುವ ಆಮ್ಲಜನಕ. ಬಾಟಲಿಯಿಂದ ಒಂದು ಲೋಟ ಬಗ್ಗಿಸಿದರೆ ಅಷ್ಟೇ ಜಾಗಕ್ಕೆ ಗಾಳಿ ನುಗ್ಗುತ್ತದೆ. ಹಣ್ಣಿನ ಪರಿಮಳ ಮೊದಲು ಮಂಕಾಗಿ, ಆಮೇಲೆ ಗಾಳಿಯಿದ್ದರಷ್ಟೇ ಬೆಳೆಯುವ ಅಸಿಟೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಮದ್ಯಸಾರವನ್ನು ವಿನೆಗರಿನ ಆಮ್ಲವಾಗಿ ಮಾರ್ಪಡಿಸತೊಡಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ತೆರೆದ ಬಾಟಲಿಯ ಆಯಸ್ಸು ಮೂರರಿಂದ ಐದು ದಿನ. ಪೆಟ್ಟಿಗೆಯಲ್ಲಾದರೋ ವೈನ್ ಹೊರಬಂದಂತೆಲ್ಲ ಒಳಗಿನ ಚೀಲ ಕುಗ್ಗುತ್ತದೆ, ಖಾಲಿಯಾದ ಜಾಗವನ್ನು ತುಂಬಲು ಗಾಳಿಗೆ ದಾರಿಯೇ ಇರುವುದಿಲ್ಲ. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಮೇಲೆ ನಾಲ್ಕು ಬೆರಳು ಎಣ್ಣೆ ನಿಲ್ಲಿಸುತ್ತಿದ್ದುದು ಇದೇ ಉದ್ದೇಶದಿಂದ. ಹೀಗಾಗಿ ನಲ್ಲಿ ತೆರೆದ ಮೇಲೂ ನಾಲ್ಕರಿಂದ ಆರು ವಾರ ವೈನ್ ಕುಡಿಯುವಂತಿರುತ್ತದೆ. ಲೀಟರಿನ ಲೆಕ್ಕದಲ್ಲಿ ಬೆಲೆಯೂ ಕಡಿಮೆ, ಗಾಜಿನ ಭಾರವೂ ಇಲ್ಲ.

ಇಷ್ಟೆಲ್ಲ ಗುಣಗಳ ನಡುವೆ ದೋಷವಿರುವುದು ಅದೇ ಚೀಲದಲ್ಲಿ, ಮತ್ತು ಅದು ನಿಮ್ಮ ಪತ್ರದಲ್ಲೇ ಕಾಣಿಸುತ್ತಿದೆ. ಬಾಟಲಿ ಪಾರದರ್ಶಕ, ಅರ್ಧಕ್ಕೆ ಇಳಿದದ್ದು ಕಣ್ಣಿಗೆ ಬೀಳುತ್ತದೆ, ಎರಡನೆಯ ಬಾಟಲಿ ತೆರೆಯುವಾಗ ಕೈ ಒಂದು ಕ್ಷಣವಾದರೂ ತಡೆಯುತ್ತದೆ. ರಟ್ಟಿನ ಗೋಡೆಯ ಹಿಂದೆ ಎಷ್ಟಿದೆ, ಎಷ್ಟು ಹೋಯಿತು ಎಂಬುದು ತಿಳಿಯುವುದಿಲ್ಲ. ಒಂದೊಂದು ಲೋಟಕ್ಕೆ 150 ಮಿ.ಲೀ. ಎಂದು ಹಿಡಿದರೂ ನಿಮ್ಮ ಹಳೆಯ ರೂಢಿಯ ಪ್ರಕಾರ ವಾರಕ್ಕೆ ಇಬ್ಬರಿಂದ 300 ಮಿ.ಲೀ. ಖರ್ಚಾಗಬೇಕಿತ್ತು, ಆ ಲೆಕ್ಕದಲ್ಲಿ ನಾಲ್ಕು ಲೀಟರು ಹದಿಮೂರು ವಾರ ಬರಬೇಕು. ಮೂರು ವಾರಕ್ಕೆ ಮುಗಿದಿದೆಯೆಂದರೆ, ಅತಿಥಿಗಳು ಯಾರೂ ಬಂದಿರಲಿಲ್ಲವೆಂದಾದರೆ, ವಾರಕ್ಕೆ ಸುಮಾರು 1,300 ಮಿ.ಲೀ. ಹೋಗಿದೆ. ನಾಲ್ಕು ಪಟ್ಟಿಗಿಂತ ಹೆಚ್ಚು. ಬುಧವಾರ ಅಡುಗೆ ಮಾಡುತ್ತ ಅರ್ಧ ಲೋಟ, ಶುಕ್ರವಾರ ದಣಿದು ಬಂದಾಗ ಒಂದು ಲೋಟ, ಹೀಗೆ ಸೇರಿದ ಮೊತ್ತವಿದು. ನೀವಿಬ್ಬರೂ ಕುಡುಕರಾದಿರೆಂದು ನಾನು ಹೇಳುತ್ತಿಲ್ಲ.

ಅಂಕಿಯನ್ನು ಸರಿಯಾದ ಜಾಗದಲ್ಲಿಟ್ಟೂ ನೋಡಬೇಕು. ಆಸ್ಟ್ರೇಲಿಯಾದಲ್ಲಿ 10 ಗ್ರಾಂ ಮದ್ಯಸಾರವನ್ನು ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಎಂದು ಎಣಿಸುತ್ತಾರೆ, ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಅಲ್ಲಿ ಕಡ್ಡಾಯ. ಗಾತ್ರದ ಲೆಕ್ಕದಲ್ಲಿ ಶೇ. 12 ಮದ್ಯಸಾರವಿರುವ ನಾಲ್ಕು ಲೀಟರು ವೈನಿನಲ್ಲಿ ಅಂಥವು ಸುಮಾರು 38 ಇರುತ್ತವೆ. ಇಬ್ಬರೂ ಸಮನಾಗಿ ಕುಡಿದಿದ್ದರೆ ತಲಾ ವಾರಕ್ಕೆ ಆರಕ್ಕಿಂತ ತುಸು ಹೆಚ್ಚಾಯಿತು. ಅಲ್ಲಿನ 2020ರ ಮಾರ್ಗಸೂಚಿ ಆರೋಗ್ಯವಂತ ವಯಸ್ಕರಿಗೆ ವಾರಕ್ಕೆ ಹತ್ತನ್ನು, ಒಂದೇ ದಿನದಲ್ಲಿ ನಾಲ್ಕನ್ನು ಮೀರಬಾರದೆನ್ನುತ್ತದೆ. ಅಂದರೆ ನೀವಿನ್ನೂ ಗೆರೆಯ ಈಚೆಗೇ ಇದ್ದೀರಿ. ನನ್ನ ಆತಂಕವಿರುವುದು ಒಂದೇ ತಿಂಗಳಿನಲ್ಲಿ, ನಿಮಗೆ ಅರಿವೇ ಆಗದೆ, ಆ ಗೆರೆಯತ್ತ ಎಷ್ಟು ದೂರ ನಡೆದಿರಿ ಎಂಬುದರ ಬಗ್ಗೆ.

ಇನ್ನೊಂದು ಇಕ್ಕಟ್ಟೂ ಇದೆ. ಶನಿವಾರಕ್ಕೊಂದು ಲೋಟದ ಶಿಸ್ತಿಗೆ ನೀವು ಮರಳಿದರೆ ನಾಲ್ಕು ಲೀಟರು ಆರು ವಾರದೊಳಗೆ ಮುಗಿಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಂಕಾಗುತ್ತದೆ. ಹಾಳಾಗದಿರಲೆಂದು ಕುಡಿದರೆ ಶಿಸ್ತು ಮುರಿಯುತ್ತದೆ. ದೋಸೆ ಹಿಟ್ಟು ಹುಳಿ ಬರುತ್ತದೆಂದು ಹಸಿವಿಲ್ಲದಿದ್ದರೂ ಇನ್ನೆರಡು ಹುಯ್ಯುವ ಮನೆಗಳಲ್ಲಿ ಬೆಳೆದ ನಮಗೆ ಈ ಒತ್ತಡ ಚೆನ್ನಾಗಿ ಗೊತ್ತು. ಅದಕ್ಕಿಂತ ಎರಡು ಲೀಟರಿನ ಪೆಟ್ಟಿಗೆ ವಾಸಿ. ಅದು ನಿಮ್ಮ ರೂಢಿಗೆ ಆರು ವಾರಕ್ಕೆ ಹತ್ತಿರಹತ್ತಿರ ಸರಿಹೊಂದುತ್ತದೆ. ಅರ್ಧ ಬಾಟಲಿ, ಅಂದರೆ 375 ಮಿ.ಲೀ.ಯದ್ದು ಸಿಕ್ಕರೆ ಇನ್ನೂ ವಾಸಿ, ಬೆಲೆ ಸ್ವಲ್ಪ ಜಾಸ್ತಿಯಾದರೂ.

ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ವೈನಿನ ಮೇಲಿನ ವಿಶೇಷ ತೆರಿಗೆಯನ್ನು ಅದರ ಸಗಟು ಬೆಲೆಯ ಶೇ. 29ರಂತೆ ಹಾಕುತ್ತಾರೆಯೇ ಹೊರತು, ಬಿಯರ್ ಮತ್ತು ವಿಸ್ಕಿಗಳಂತೆ ಮದ್ಯಸಾರದ ಪ್ರಮಾಣದ ಮೇಲಲ್ಲ. ಅಗ್ಗದ ವೈನಿಗೆ ತೆರಿಗೆಯೂ ಅಗ್ಗ. ಆದ್ದರಿಂದಲೇ ಅಲ್ಲಿನ ಅಂಗಡಿಗಳಲ್ಲಿ ಪೆಟ್ಟಿಗೆಯ ವೈನ್ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಮದ್ಯಸಾರ ಕೊಡುವ ಪದಾರ್ಥವಾಗಿದೆ. ಆಸ್ಟ್ರೇಲಿಯಾದ ಉತ್ತರ ಭಾಗದ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಪ್ರತಿ ಸ್ಟ್ಯಾಂಡರ್ಡ್ ಡ್ರಿಂಕಿಗೆ 1.30 ಡಾಲರಿನ ಕನಿಷ್ಠ ಬೆಲೆ ಗೊತ್ತುಪಡಿಸಿದಾಗ ಬಿಸಿ ತಟ್ಟಿದ್ದು ಮುಖ್ಯವಾಗಿ ಈ ಪೆಟ್ಟಿಗೆಗಳಿಗೇ. ಮುಂದೆ ಬಂದ ಸರ್ಕಾರ ಆ ಕ್ರಮವನ್ನು ಕೈಬಿಟ್ಟಿತು. ಅಗ್ಗವಾದದ್ದು ಕೈಯನ್ನು ಸಡಿಲಗೊಳಿಸುತ್ತದೆಂಬುದು ನಿಮ್ಮ ಮನೆಯೊಂದರ ಕಥೆಯಲ್ಲ.

ಅಳತೆ ಉಳಿಸಿಕೊಳ್ಳಲು ಅಡುಗೆಮನೆಯ ತಕ್ಕಡಿಯನ್ನು ಬಳಸಿ. ನೂರು ಮಿ.ಲೀ. ವೈನಿನ ತೂಕ ಹೆಚ್ಚುಕಡಿಮೆ ನೂರು ಗ್ರಾಂ. ಪ್ರತಿ ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ತೂಗಿ, ಸಂಖ್ಯೆಯನ್ನು ಅದರ ಮೈಮೇಲೆಯೇ ಪೆನ್ನಿನಿಂದ ಬರೆಯಿರಿ. ರಟ್ಟು ಮುಚ್ಚಿಟ್ಟದ್ದನ್ನು ತಕ್ಕಡಿ ಹೇಳುತ್ತದೆ. ನಲ್ಲಿಯಿಂದ ನೇರವಾಗಿ ದೊಡ್ಡ ಲೋಟಕ್ಕೆ ಹಿಡಿಯಬೇಡಿ, ಮೊದಲು ಅಳತೆಯ ಕಪ್ಪಿಗೆ ಹಿಡಿದು ಆಮೇಲೆ ಬಗ್ಗಿಸಿಕೊಳ್ಳಿ. ಕೆಂಪು ವೈನಾದರೂ ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಟ್ಟು, ಊಟಕ್ಕೆ ಅರ್ಧ ಗಂಟೆ ಮೊದಲು ಬೇಕಾದಷ್ಟನ್ನು ಮಾತ್ರ ಹೊರತೆಗೆಯಿರಿ. ನಲ್ಲಿಯ ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಹಣ್ಣಿನ ನೊಣಗಳು ಮುತ್ತುತ್ತವೆ.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು. ಬಾಟಲಿಯ ಬಿರಡೆ ತೆಗೆಯಲು ಶಕ್ತಿ ಬೇಕು. ಈ ನಲ್ಲಿ ಹಣ್ಣಿನ ರಸದ ನಲ್ಲಿಯಂತೆಯೇ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಹರಿಯುತ್ತದೆ. ನಾಲ್ಕು ವರ್ಷದ ಮಗುವಿನ ದೇಹಕ್ಕೆ ಸ್ವಲ್ಪವೇ ಮದ್ಯಸಾರವೂ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಫ್ರಿಜ್ಜಿನ ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ, ನಲ್ಲಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿ. ಅದಕ್ಕೆ ಸ್ಥಳವಿಲ್ಲವಾದರೆ ಪೆಟ್ಟಿಗೆಯೇ ಬೇಡ.

ತಂದೆಯವರಿಗೆ ಲೋಟ ಕೊಡುವ ಮುನ್ನ ಅವರ ವೈದ್ಯರ ಒಪ್ಪಿಗೆ ಇರಲೇಬೇಕು. ಗ್ಲಿಮೆಪಿರೈಡ್ ಇನ್ಸುಲಿನ್ ಸ್ರವಿಸುವಂತೆ ಮಾಡಿ ಸಕ್ಕರೆ ಇಳಿಸುವ ಮಾತ್ರೆ. ಇಳಿದಾಗ ಯಕೃತ್ತು ತನ್ನಿಂದ ಸಕ್ಕರೆ ಬಿಡುಗಡೆ ಮಾಡಿ ಕಾಪಾಡಬೇಕು, ಆದರೆ ಅದು ಮದ್ಯಸಾರವನ್ನು ಕರಗಿಸುವುದರಲ್ಲಿ ತೊಡಗಿದಾಗ ಆ ಕೆಲಸಕ್ಕೆ ಅಡ್ಡಿಯಾಗುತ್ತದೆ. ಪರಿಣಾಮ ಕುಡಿದ ಕೂಡಲೇ ಕಾಣದೆ ನಡುರಾತ್ರಿಯಲ್ಲೋ ಮರುದಿನ ಬೆಳಿಗ್ಗೆಯೋ ಕಾಣಬಹುದು. ಬೆವರು, ನಡುಕ, ತೊದಲುವ ಮಾತುಗಳನ್ನು ಮನೆಯವರು ‘ವೈನ್ ಏರಿದೆ, ಮಲಗಲಿ’ ಎಂದು ಬಿಟ್ಟುಬಿಡುವುದು ದೊಡ್ಡ ಅಪಾಯ. ಹಸಿದ ಹೊಟ್ಟೆಯಲ್ಲಂತೂ ಕೂಡದು. ಅವರಿಗೆ ಅಸ್ತಮಾ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ: ಪ್ಲಾಸ್ಟಿಕ್ ಚೀಲದ ಮೂಲಕ ನಿಧಾನವಾಗಿ ನುಸುಳುವ ಆಮ್ಲಜನಕವನ್ನು ಎದುರಿಸಲು ಪೆಟ್ಟಿಗೆಯ ವೈನಿಗೆ ಸಲ್ಫೈಟ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ತುಸು ಹೆಚ್ಚು ಸೇರಿಸುತ್ತಾರೆ, ಕೆಲವರಿಗೆ ಅದು ಉಬ್ಬಸ ತರುತ್ತದೆ.

ಪ್ರಶ್ನೆ: ವೈನ್ ತಿಂಗಳುಗಟ್ಟಲೆ ಪ್ಲಾಸ್ಟಿಕ್ಕಿನಲ್ಲಿದ್ದರೆ ವಿಷವಾಗುವುದಿಲ್ಲವೇ? ದ್ರಾಕ್ಷಾರಿಷ್ಟದಂತೆ ವೈನ್ ಕೂಡ ದಿನಾ ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ, ನಿಜವೇ?
— ಓದುಗರು, ಬೆಂಗಳೂರು

ಉತ್ತರ: ವೈನಿಗೆ ತಾಗುವ ಒಳಪದರ ಸಾಮಾನ್ಯವಾಗಿ ಪಾಲಿಎಥಿಲೀನ್, ಹಾಲಿನ ಪ್ಯಾಕೆಟ್ಟಿನ ಜಾತಿಯದೇ. ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿರುವ, ಜನ ಹೆದರುವ ಬಿಸ್‌ಫೀನಾಲ್-ಎ ಎಂಬ ರಾಸಾಯನಿಕ ಅದರ ತಯಾರಿಕೆಗೆ ಬೇಕಾಗುವ ವಸ್ತುವಲ್ಲ. ಆದರೂ ಈ ಚೀಲ ವರ್ಷಗಟ್ಟಲೆ ಕೂಡಿಡಲು ಮಾಡಿದ್ದಲ್ಲ. ತುಂಬಿದ ದಿನದಿಂದ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮುಗಿಸಬೇಕಾದ್ದರಿಂದ ದಿನಾಂಕ ನೋಡಿ ಕೊಳ್ಳಿ.

ಎರಡನೆಯ ಮಾತಿಗೆ ನನ್ನ ಉತ್ತರ ಕಹಿಯಾಗಿರುತ್ತದೆ. ಅರಿಷ್ಟವನ್ನು ಔಷಧವಾಗಿ ಚಮಚದಲ್ಲಿ ಅಳೆದು, ಇಷ್ಟು ದಿನ ಎಂಬ ಮಿತಿಯಲ್ಲಿ ಕೊಡುತ್ತಾರೆ. ನಲ್ಲಿಯಿಂದ ಹಿಡಿದ ಲೋಟಕ್ಕೆ ಅದರ ಹೆಸರು ಕಟ್ಟುವುದು ಸಲ್ಲದು. ಮದ್ಯಪಾನವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಸುರಕ್ಷಿತ ಎನ್ನಬಹುದಾದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ರುಚಿಗಾಗಿ ಕುಡಿಯುವವರು ರುಚಿಗಾಗಿ ಎಂದೇ ಹೇಳಲಿ.

ಪ್ರಶ್ನೆ: ಪೆಟ್ಟಿಗೆಯ ತಳದಲ್ಲಿ ಉಳಿದ ಹಳೆಯ ವೈನ್ ಕುಡಿದರೆ ಹೊಟ್ಟೆ ಕೆಡುತ್ತದೆಯೇ? ಅದನ್ನು ವಿನೆಗರ್ ಆಗಿ ಬಳಸಬಹುದೇ?
— ಓದುಗರು, ಮಂಗಳೂರು

ಉತ್ತರ: ವೈನಿನ ಹುಳಿಯಲ್ಲಿಯೂ ಮದ್ಯಸಾರದಲ್ಲಿಯೂ ರೋಗಾಣುಗಳು ಬೆಳೆಯುವುದು ಕಷ್ಟ, ಹಾಗಾಗಿ ಅದು ವಿಷವಾಗುವುದಿಲ್ಲ, ಬಣ್ಣ ಕಂದಿ, ಒಣಗಿದ ಸೇಬಿನಂಥ ಸಪ್ಪೆ ವಾಸನೆ ಬರುತ್ತದೆ. ಗಾಳಿ ಸಾಲದ ಕಾರಣ ಚೀಲದೊಳಗೆ ಅದು ಒಳ್ಳೆಯ ವಿನೆಗರೂ ಆಗುವುದಿಲ್ಲ. ಮೊದಲೊಂದು ಚಮಚ ರುಚಿ ನೋಡಿ. ಮಂಕಾಗಿದೆಯಷ್ಟೇ ಎಂದಾದರೆ ಮಾಂಸದ ಸಾರಿಗೆ ಹಾಕಿ ಚೆನ್ನಾಗಿ ಕುದಿಸಬಹುದು, ಆದರೆ ಮದ್ಯಸಾರ ಪೂರ್ತಿ ಆವಿಯಾಗದ ಕಾರಣ ಆ ಸಾರು ಮಕ್ಕಳಿಗೆ ಬೇಡ. ವಾಸನೆಯೇ ಹಿಡಿಸದಿದ್ದರೆ ಚೀಲದ ಬಾಯಿ ಕತ್ತರಿಸಿ ಸುರಿದುಬಿಡಿ.