ತಲೆಯ ತಿರುವು, ಮೂರು ಚುಕ್ಕೆಗಳ ಲೆಕ್ಕ

ಅವಕೆಂಪು (ಇನ್‌ಫ್ರಾರೆಡ್) ಬೆಳಕು ಮತ್ತು ಪ್ರತಿಫಲಕ ಚುಕ್ಕೆಗಳ ನೆರವಿನಿಂದ ತಲೆಯ ಚಲನೆಯನ್ನು ಅಳೆಯುವ ವಿಧಾನದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಗೆಳೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಆಡುವಾಗ ಬೆಳ್ಳಿ ಬಣ್ಣದ ಮೂರು ತುಣುಕುಗಳಿರುವ ಕ್ಲಿಪ್ಪೊಂದನ್ನು ಟೋಪಿಯ ಅಂಚಿಗೆ ಸಿಕ್ಕಿಸಿಕೊಳ್ಳುತ್ತಾನೆ. ಅವನ ತಲೆ ತಿರುಗಿದ ಕಡೆಗೆ ಪರದೆಯ ಮೇಲಿನ ಕಾಕ್‌ಪಿಟ್ ನೋಟವೂ ತಿರುಗುತ್ತದೆ. ಆ ತುಣುಕುಗಳಿಗೆ ಬ್ಯಾಟರಿಯೂ ಇಲ್ಲ, ತಂತಿಯೂ ಇಲ್ಲ. ಇದು ಹೇಗೆ ಸಾಧ್ಯ? ಮುಖವನ್ನೇ ಗುರುತಿಸುವ ಕ್ಯಾಮೆರಾಗಳು ಇರುವಾಗ ಅವಕೆಂಪು ಬೆಳಕು ಯಾಕೆ ಬೇಕು?
– ಬಿಇ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಆ ತುಣುಕುಗಳ ಕೆಲಸ ತಮ್ಮ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುವುದು, ಅಷ್ಟೆ. ಉಳಿದದ್ದೆಲ್ಲ ಪರದೆಯ ಮೇಲಿಟ್ಟ ಪುಟ್ಟ ಕ್ಯಾಮೆರಾ ಮತ್ತು ಜ್ಯಾಮಿತಿಯ ಕೆಲಸ. ಈ ಬಗೆಯ ಸಾಧನಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಆರೆಗಾನ್ ರಾಜ್ಯದ ನ್ಯಾಚುರಲ್‌ಪಾಯಿಂಟ್ ಕಂಪನಿಯ ಟ್ರ್ಯಾಕ್‌ಐಆರ್. ಸಾಮಾನ್ಯವಾಗಿ ಇಂಥ ಸಾಧನಗಳಲ್ಲಿ ಕ್ಯಾಮೆರಾದ ಮಸೂರದ ಪಕ್ಕದಲ್ಲೇ ಕೆಲವು ಎಲ್‌ಇಡಿಗಳಿದ್ದು, ಅವು ಸುಮಾರು 850 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಮುಂದಕ್ಕೆ ಚೆಲ್ಲುತ್ತವೆ. ನಮ್ಮ ಕಣ್ಣಿಗೆ 700 ನ್ಯಾನೋಮೀಟರ್ ದಾಟಿದ ಮೇಲೆ ಹೆಚ್ಚೇನೂ ಕಾಣುವುದಿಲ್ಲ, ಆದರೆ ಕ್ಯಾಮೆರಾದೊಳಗಿನ ಸಿಲಿಕಾನ್ ಸಂವೇದಕಕ್ಕೆ ಸುಮಾರು 1,100 ನ್ಯಾನೋಮೀಟರ್‌ವರೆಗೂ ಕಾಣುತ್ತದೆ.

ಘಾಟಿ ರಸ್ತೆಯಲ್ಲಿ ರಾತ್ರಿ ಹೋಗುವಾಗ ತಿರುವಿನ ಕಲ್ಲುಗಳ ಮೇಲಿನ ಪಟ್ಟಿಗಳು ಹೆಡ್‌ಲೈಟಿನ ಬೆಳಕಿಗೆ ಝಗ್ಗೆಂದು ಹೊಳೆಯುವುದನ್ನು ನೀವು ನೋಡಿರುತ್ತೀರಿ. ರಸ್ತೆಯ ಬದಿಯಲ್ಲಿ ನಿಂತವನಿಗೆ ಅದೇ ಪಟ್ಟಿ ಮಂಕಾಗಿಯೇ ಕಾಣುತ್ತದೆ. ಅದರಲ್ಲಿರುವ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಮೂಲೆಯಾಕಾರದ ಪ್ರಿಸಮ್‌ಗಳು ಬೆಳಕನ್ನು ಅದು ಬಂದ ದಿಕ್ಕಿಗೇ, ಕಿರಿದಾದ ಶಂಕುವಿನೊಳಗೆ ಹಿಂತಿರುಗಿಸುವುದೇ ಇದಕ್ಕೆ ಕಾರಣ. ದೀಪ ಮತ್ತು ನೋಡುವ ಕಣ್ಣು ಹತ್ತಿರ ಹತ್ತಿರ ಇದ್ದರೆ ಮಾತ್ರ ಆ ಬೆಳಕು ಸಿಗುತ್ತದೆ. ಎಲ್‌ಇಡಿಗಳು ಮಸೂರಕ್ಕೆ ಅಂಟಿದಂತೆ ಇರುವುದು ಈ ಕಾರಣಕ್ಕಾಗಿಯೇ.

ಇನ್ನು ಮಸೂರದ ಮುಂದೆ, ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ತಡೆದು ಅವಕೆಂಪನ್ನು ಮಾತ್ರ ಒಳಗೆ ಬಿಡುವ ಕಪ್ಪು ಫಿಲ್ಟರ್ ಇರುತ್ತದೆ. ಆ ಕ್ಯಾಮೆರಾಗೆ ನಿಮ್ಮ ಗೆಳೆಯನ ಮುಖ, ಕೋಣೆ, ಹಿಂದಿನ ಗೋಡೆ ಯಾವುದೂ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಪ್ಪು ಹಿನ್ನೆಲೆಯ ಮೇಲೆ ಮೂರು ಬಿಳಿ ಚುಕ್ಕೆಗಳು ಮಾತ್ರ ಉಳಿಯುತ್ತವೆ. ಈ ವಿಧಾನದ ನಿಜವಾದ ಜಾಣತನ ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ: ಚಿತ್ರವನ್ನು ಅರ್ಥಮಾಡಿಕೊಳ್ಳುವ ಕಷ್ಟದ ಕೆಲಸವನ್ನು ಸಾಫ್ಟ್‌ವೇರಿಗೆ ಬಿಡದೆ, ಅರ್ಥಮಾಡಿಕೊಳ್ಳಬೇಕಾದದ್ದನ್ನೇ ಬೆಳಕಿನ ಹಂತದಲ್ಲಿ ಕಡಿಮೆ ಮಾಡಿಬಿಡಲಾಗಿದೆ. ಮುಖ ಗುರುತಿಸುವ ತಂತ್ರಾಂಶಗಳು ಈಗ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅವು ಕೋಣೆಯ ಬೆಳಕು ಬದಲಾದಾಗ, ಕೈ ಮುಖಕ್ಕೆ ಅಡ್ಡ ಬಂದಾಗ ತಡವರಿಸುತ್ತವೆ, ಪ್ರತಿ ಚಿತ್ರಕ್ಕೂ ಹೆಚ್ಚು ಲೆಕ್ಕ ಹಾಕಬೇಕಾಗುತ್ತದೆ. ಮೂರು ಚುಕ್ಕೆಗಳ ಲೆಕ್ಕ ಎಷ್ಟು ಹಗುರ ಎಂದರೆ, ಟ್ರ್ಯಾಕ್‌ಐಆರ್ 5 ಮಾದರಿ 640×480 ಪಿಕ್ಸೆಲ್‌ಗಳ ಚಿತ್ರವನ್ನು ಸೆಕೆಂಡಿಗೆ 120 ಸಲ ತೆಗೆಯುತ್ತದೆ, ಅಂದರೆ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಸುಮಾರು 8 ಮಿಲಿಸೆಕೆಂಡ್ ಮಾತ್ರ.

ತಲೆಯ ಸ್ಥಿತಿಯನ್ನು ಪೂರ್ತಿಯಾಗಿ ಹೇಳಲು ಆರು ಸಂಖ್ಯೆಗಳು ಬೇಕು. ಎಡ-ಬಲ, ಮೇಲೆ-ಕೆಳಗೆ, ಹಿಂದೆ-ಮುಂದೆ ಎಂಬ ಮೂರು ಸ್ಥಾನಗಳು. ‘ಇಲ್ಲ’ ಎನ್ನಲು ತಲೆಯಾಡಿಸುವಾಗಿನ ತಿರುವು, ‘ಹೌದು’ ಎನ್ನಲು ತಲೆ ತಗ್ಗಿಸಿ ಎತ್ತುವಾಗಿನ ತಿರುವು ಮತ್ತು ನಾವು ‘ಆಗಲಿ’ ಎನ್ನುವಾಗ ಭುಜದತ್ತ ತಲೆ ವಾಲಿಸುವ ತಿರುವು. ಚಿತ್ರದಲ್ಲಿ ಪ್ರತಿ ಚುಕ್ಕೆಯೂ ಅಡ್ಡ ಮತ್ತು ಉದ್ದ ಎಂಬ ಎರಡು ಸಂಖ್ಯೆಗಳನ್ನು ಕೊಡುತ್ತದೆ; ಮೂರು ಚುಕ್ಕೆಗಳಿಂದ ಆರು ಸಿಗುತ್ತವೆ. ಕ್ಲಿಪ್ಪಿನ ಮೇಲೆ ಚುಕ್ಕೆಗಳ ನಡುವಿನ ದೂರಗಳು ಮೊದಲೇ ಗೊತ್ತಿರುವುದರಿಂದ, ಈ ಚಿತ್ರ ಮೂಡಬೇಕಾದರೆ ಆ ತ್ರಿಕೋನ ಎಲ್ಲಿ, ಹೇಗೆ ತಿರುಗಿ ನಿಂತಿರಬೇಕು ಎಂದು ಲೆಕ್ಕ ಹಾಕಬಹುದು.

ಇನ್ನೊಂದು ಅಂಶವನ್ನು ನೀವು ಗಮನಿಸಿರಬಹುದು. ನಿಮ್ಮ ಗೆಳೆಯ ತಲೆಯನ್ನು ಹದಿನೈದಿಪ್ಪತ್ತು ಡಿಗ್ರಿ ಮಾತ್ರ ತಿರುಗಿಸಿದರೂ ಕಾಕ್‌ಪಿಟ್ಟಿನ ನೋಟ ರೆಕ್ಕೆಯವರೆಗೂ ಹೋಗುತ್ತದೆ. ಪರದೆ ಕಣ್ಣಿನಿಂದ ತಪ್ಪಿಹೋಗದಿರಲೆಂದು ತಲೆಯ ಕೋನವನ್ನು ಬೇಕೆಂದೇ ಹಲವು ಪಟ್ಟು ಹಿಗ್ಗಿಸಲಾಗುತ್ತದೆ, ಮತ್ತು ನೇರ ನೋಡುವಾಗ ನೋಟ ಅಲುಗದಿರಲೆಂದು ನಡುವಿನ ಸ್ವಲ್ಪ ಭಾಗವನ್ನು ಮಂದಗೊಳಿಸಲಾಗುತ್ತದೆ.

ಪ್ರಶ್ನೆ: ಹಳೆಯ ವೆಬ್‌ಕ್ಯಾಮಿನ ಅವಕೆಂಪು ತಡೆಯುವ ಫಿಲ್ಟರ್ ತೆಗೆದು, ಸುತ್ತ ಎಲ್‌ಇಡಿ ಜೋಡಿಸಿ, ರಟ್ಟಿನ ಮೇಲೆ ರೇಡಿಯಂ ಸ್ಟಿಕ್ಕರಿನ ಮೂರು ತುಂಡುಗಳನ್ನು ಸಮಬಾಹು ತ್ರಿಕೋನವಾಗಿ ಅಂಟಿಸಿ ಹಣೆಗೆ ಕಟ್ಟಿಕೊಂಡೆ. ತಲೆ ವಾಲಿಸಿದರೆ ಸರಿಯಾಗಿ ತೋರಿಸುತ್ತದೆ. ಆದರೆ ಎಡಕ್ಕೆ ತಿರುಗಿದರೆ ಕೆಲವೊಮ್ಮೆ ಬಲಕ್ಕೆ ತೋರಿಸುತ್ತದೆ, ಸಣ್ಣ ತಿರುವುಗಳನ್ನು ಗುರುತಿಸುವುದೇ ಇಲ್ಲ. ಕ್ಯಾಮೆರಾ ಬದಲಿಸಬೇಕೇ?
– ಪ್ರೌಢಶಾಲಾ ಶಿಕ್ಷಕರು, ಮೈಸೂರು

ಉತ್ತರ: ಕ್ಯಾಮೆರಾಗೆ ಹಣ ಸುರಿಯಬೇಡಿ. ದೋಷ ಇರುವುದು ತ್ರಿಕೋನದಲ್ಲಿ, ಅದನ್ನು ಒಂದು ಲೆಕ್ಕದಿಂದ ತೋರಿಸಬಹುದು.

ನಿಮ್ಮ ಕ್ಯಾಮೆರಾ 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ 50 ಡಿಗ್ರಿ ಅಗಲದ ನೋಟವನ್ನು ಹಿಡಿಯುತ್ತದೆ ಎಂದುಕೊಳ್ಳಿ. ಆಗ ಪಿಕ್ಸೆಲ್ ಲೆಕ್ಕದಲ್ಲಿ ಅದರ ಸಂಗಮ ದೂರ (ಮಸೂರದಿಂದ ಚಿತ್ರ ಮೂಡುವ ತಲಕ್ಕಿರುವ ದೂರ) ಸುಮಾರು 686 ಆಗುತ್ತದೆ. ನೀವು 70 ಸೆಂಟಿಮೀಟರ್ ದೂರದಲ್ಲಿ ಕುಳಿತಿದ್ದು, ಹಣೆಯ ಮೇಲಿನ ಎರಡು ಚುಕ್ಕೆಗಳ ನಡುವೆ 10 ಸೆಂಟಿಮೀಟರ್ ಅಂತರ ಇದ್ದರೆ ಚಿತ್ರದಲ್ಲಿ ಅವುಗಳ ಅಂತರ 686 × 10 ÷ 70, ಅಂದರೆ 98 ಪಿಕ್ಸೆಲ್. ಈಗ ತಲೆಯನ್ನು 5 ಡಿಗ್ರಿ ಎಡಕ್ಕೆ ತಿರುಗಿಸಿ. ಕ್ಯಾಮೆರಾಗೆ ಎದುರಾಗಿರುವ ಚಪ್ಪಟೆ ರಟ್ಟಿನ ಅಗಲ ಕೋನದ ಕೊಸೈನ್‌ನಷ್ಟು ಕುಗ್ಗುತ್ತದೆ. 5 ಡಿಗ್ರಿಯ ಕೊಸೈನ್ 0.996. ಆದ್ದರಿಂದ 98 ಪಿಕ್ಸೆಲ್ ಇದ್ದದ್ದು 97.6 ಆಗುತ್ತದೆ. ಅರ್ಧ ಪಿಕ್ಸೆಲ್ಲೂ ಅಲ್ಲದ ಈ ಬದಲಾವಣೆ ಚಿತ್ರದ ನಡುಕದಲ್ಲೇ ಮುಳುಗಿಹೋಗುತ್ತದೆ. ಅಷ್ಟೇ ಅಲ್ಲ, ಬಲಕ್ಕೆ 5 ಡಿಗ್ರಿ ತಿರುಗಿದರೂ ಕುಗ್ಗುವುದು ಇಷ್ಟೇ. ಎಡ ಯಾವುದು, ಬಲ ಯಾವುದು ಎಂಬುದಕ್ಕೆ ಪುರಾವೆಯೇ ಬಹುಮಟ್ಟಿಗೆ ಇಲ್ಲದಿರುವಾಗ ಸಾಫ್ಟ್‌ವೇರ್ ಊಹಿಸುತ್ತದೆ, ಕೆಲವೊಮ್ಮೆ ತಪ್ಪಾಗಿ ಊಹಿಸುತ್ತದೆ. ತಲೆ ವಾಲಿಸಿದಾಗ ಇಡೀ ತ್ರಿಕೋನವೇ ಚಿತ್ರದಲ್ಲಿ ತಿರುಗುವುದರಿಂದ ಅದು ಮಾತ್ರ ಸರಿಯಾಗಿ ಬರುತ್ತಿದೆ.

ಈಗ ಮೂರರಲ್ಲಿ ಒಂದು ಚುಕ್ಕೆಯನ್ನು ಹಣೆಯಿಂದ 6 ಸೆಂಟಿಮೀಟರ್ ಮುಂದಕ್ಕೆ ಚಾಚಿಕೊಳ್ಳುವಂತೆ ಇಡಿ. ಅದೇ 5 ಡಿಗ್ರಿ ತಿರುವಿಗೆ ಆ ಚುಕ್ಕೆ ಉಳಿದೆರಡಕ್ಕೆ ಹೋಲಿಸಿದರೆ ಪಕ್ಕಕ್ಕೆ ಸರಿಯುವುದು 6 ಸೆಂಟಿಮೀಟರನ್ನು 5 ಡಿಗ್ರಿಯ ಸೈನ್‌ನಿಂದ ಗುಣಿಸಿದಷ್ಟು, ಅಂದರೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಚಿತ್ರದಲ್ಲಿ ಅದು ಸುಮಾರು 5 ಪಿಕ್ಸೆಲ್. ಹತ್ತು ಪಟ್ಟಿಗಿಂತಲೂ ಹೆಚ್ಚು ಸ್ಪಷ್ಟವಾದ ಸೂಚನೆ ಸಿಕ್ಕಿತು. ಜೊತೆಗೆ ಎಡಕ್ಕೆ ತಿರುಗಿದರೆ ಒಂದು ಕಡೆಗೆ, ಬಲಕ್ಕೆ ತಿರುಗಿದರೆ ಇನ್ನೊಂದು ಕಡೆಗೆ ಸರಿಯುವುದರಿಂದ ಗೊಂದಲವೂ ಬಗೆಹರಿಯಿತು. ಮೂರು ಬಿಂದುಗಳು ಎಲ್ಲಿದ್ದರೂ ಒಂದೇ ಸಮತಲದಲ್ಲಿ ಇರುತ್ತವೆ, ನಿಜ. ಆದರೆ ಆ ಸಮತಲ ಕ್ಯಾಮೆರಾಗೆ ನೇರ ಮುಖಮಾಡಿ ನಿಲ್ಲಬಾರದು. ಕ್ರಿಕೆಟ್ ಟೋಪಿಯ ಅಂಚಿನ ತುದಿಗೆ ಒಂದು, ಹಿಂದೆ ಎರಡೂ ಬದಿಗೆ ಒಂದೊಂದು ಎಂದು ಇಟ್ಟರೆ ಸಾಕಾಗುತ್ತದೆ.

ಆದರೂ ಮೂರು ಬಿಂದುಗಳ ಲೆಕ್ಕಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳು, ಗರಿಷ್ಠ ನಾಲ್ಕು, ಇರಬಹುದು. ಇದು ಹಳೆಯ ಸಮಸ್ಯೆ. ಜರ್ಮನಿಯ ಗಣಿತಜ್ಞ ಗ್ರೂನರ್ಟ್ 1841ರಲ್ಲೇ ಇದನ್ನು ಬಿಡಿಸಿದ್ದರು. ಸಾಮಾನ್ಯವಾಗಿ ಹಿಂದಿನ ಚಿತ್ರದ ಉತ್ತರಕ್ಕೆ ಹತ್ತಿರವಿರುವುದನ್ನು ಆರಿಸಿಕೊಳ್ಳಲಾಗುತ್ತದೆ. ಸಮತಲದಿಂದ ಹೊರಗೆ ನಾಲ್ಕನೆಯ ಚುಕ್ಕೆ ಸೇರಿಸಿದರೆ ಈ ಸಂದಿಗ್ಧ ಬಹುಪಾಲು ಹೋಗುತ್ತದೆ. ನಿಮ್ಮ ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಬರೆಯಲು ಬಯಸಿದರೆ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಿಮೆಂಥಾನ್ ಮತ್ತು ಡೇವಿಸ್ 1995ರಲ್ಲಿ ಪ್ರಕಟಿಸಿದ ‘ಪೊಸಿಟ್’ ವಿಧಾನ ಸೂಕ್ತ. ಒಂದೇ ಸಮತಲದಲ್ಲಿರದ ನಾಲ್ಕು ಬಿಂದುಗಳಿದ್ದರೆ ಆಯಿತು, ಇಪ್ಪತ್ತೈದು ಸಾಲಿನ ಪ್ರೋಗ್ರಾಮಿನಲ್ಲಿ ಮುಗಿಯುತ್ತದೆ.

ರಟ್ಟನ್ನು ಬಿಟ್ಟು ಅಲ್ಯುಮಿನಿಯಂ ಪಟ್ಟಿ ಬಳಸಿ, ಏಕೆಂದರೆ ಬಾಗಿದ ತ್ರಿಕೋನಕ್ಕೆ ಯಾವ ಲೆಕ್ಕವೂ ಹೊಂದುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಲ್ಲ ರೇಡಿಯಂ ಸ್ಟಿಕ್ಕರುಗಳೂ ಬೆಳಕನ್ನು ಬಂದ ದಾರಿಯಲ್ಲಿ ಹಿಂತಿರುಗಿಸುವುದಿಲ್ಲ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿದಾಗ ಓರೆಯಾಗಿಯೂ ಹೊಳೆಯುವುದನ್ನು ಆರಿಸಿಕೊಳ್ಳಿ. ಹಿಂಬದಿಯಲ್ಲಿ ಬಿಸಿಲು ಬೀಳುವ ಕಿಟಕಿಯಾಗಲಿ, ಹಳೆಯ ತಂತಿ ಬಲ್ಬಾಗಲಿ ಇರದಂತೆ ನೋಡಿಕೊಳ್ಳಿ, ಏಕೆಂದರೆ ಎರಡರಲ್ಲೂ ಅವಕೆಂಪು ಧಾರಾಳವಾಗಿದೆ. ಕೊನೆಗೂ ಸ್ವಲ್ಪ ನಡುಕ ಉಳಿದರೆ, ತಲೆ ನಿಧಾನವಾಗಿ ಚಲಿಸುವಾಗ ಹೆಚ್ಚು, ಬೇಗ ಚಲಿಸುವಾಗ ಕಡಿಮೆ ನಯಗೊಳಿಸುವ ‘ಒನ್ ಯೂರೋ’ ಎಂಬ 2012ರ ಸರಳ ತಂತ್ರಾಂಶ ಶೋಧಕವನ್ನು (ಫಿಲ್ಟರ್) ಸೇರಿಸಿ.

ಪ್ರಶ್ನೆ: ಅಪಘಾತವೊಂದರಲ್ಲಿ ನನ್ನ ತಮ್ಮನಿಗೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿದೆ. ತಲೆಯನ್ನು ಚೆನ್ನಾಗಿ ಅಲುಗಿಸುತ್ತಾನೆ. ಇಂಥ ಚುಕ್ಕೆಗಳಿಂದ ಅವನು ಕಂಪ್ಯೂಟರ್ ಬಳಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಬಳಸಬಹುದು. ನನ್ನ ಮಟ್ಟಿಗೆ ಈ ತಂತ್ರದ ಅತ್ಯಂತ ಬೆಲೆಬಾಳುವ ಉಪಯೋಗ ಇದೇ. ಹಣೆಯ ಮೇಲೋ ಕನ್ನಡಕದ ನಡುವೆಯೋ ಅಂಟಿಸಿದ ಒಂದೇ ಒಂದು ಚುಕ್ಕೆ ಸಾಕು. ಒಂದು ಚುಕ್ಕೆಯಿಂದ ಎರಡೇ ಸಂಖ್ಯೆಗಳು ಸಿಗುವುದರಿಂದ ತಲೆ ತಿರುಗಿತೋ, ಪಕ್ಕಕ್ಕೆ ಸರಿಯಿತೋ ಎಂದು ಬೇರ್ಪಡಿಸಲಾಗದು. ಆದರೆ ಮೌಸ್ ಬಾಣಕ್ಕೂ ಎರಡೇ ಸಂಖ್ಯೆಗಳು ಸಾಕಾದ್ದರಿಂದ ಅದೇನೂ ಕೊರತೆಯಲ್ಲ. ಬಾಣ ಒಂದೆಡೆ ಸುಮಾರು ಒಂದು ಸೆಕೆಂಡ್ ನಿಂತರೆ ಅದನ್ನೇ ಕ್ಲಿಕ್ ಎಂದು ತಿಳಿಯುವಂತೆ ಹೊಂದಿಸಬಹುದು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆಯನ್ನು ಆರಿಸಿಕೊಂಡರೆ ಪರದೆಯ ಮೇಲಿನ ಕೀಲಿಮಣೆಯಲ್ಲೂ ಕನ್ನಡ ಅಕ್ಷರಗಳೇ ಬರುತ್ತವೆ, ಹಾಗಾಗಿ ಅವರು ನಿಮಗೆ ಕನ್ನಡದಲ್ಲೇ ಪತ್ರ ಬರೆಯಬಹುದು.

ಸಾಧನ ಕೊಳ್ಳುವ ಮೊದಲು, ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ರೂಪುಗೊಂಡ ‘ಕ್ಯಾಮೆರಾ ಮೌಸ್’ ಎಂಬ ಉಚಿತ ತಂತ್ರಾಂಶವನ್ನು ಸಾಧಾರಣ ವೆಬ್‌ಕ್ಯಾಮಿನಿಂದ ಪ್ರಯತ್ನಿಸಿ ನೋಡಿ. ಅದಕ್ಕೆ ಚುಕ್ಕೆಯೇ ಬೇಡ. ಅದರಲ್ಲಿ ಬಾಣ ಜಾರುತ್ತಿದ್ದರೆ ಪ್ರತಿಫಲಕ ಚುಕ್ಕೆಯ ಕಡೆಗೆ ಹೋಗಿ. ಮೊದಮೊದಲು ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ಬಳಸಲಿ, ಸಣ್ಣ ತಿರುವಿಗೇ ಬಾಣ ಪರದೆಯ ಅಂಚು ಮುಟ್ಟುವಂತೆ ವೇಗ ಹೊಂದಿಸಿ. ಕುತ್ತಿಗೆಗೆ ಎಷ್ಟು ಶ್ರಮ ಸರಿ ಎಂಬುದನ್ನು ಮಾತ್ರ ಅವರ ಫಿಸಿಯೋಥೆರಪಿ ತಜ್ಞರನ್ನು ಕೇಳಿಯೇ ನಿರ್ಧರಿಸಿ.

ಪ್ರಶ್ನೆ: ಕಣ್ಣಿಗೆ ಕಾಣದ ಬೆಳಕನ್ನು ಗಂಟೆಗಟ್ಟಲೆ ಮುಖಕ್ಕೆ ಹಾಯಿಸುವುದು ಅಪಾಯವಲ್ಲವೇ?
– ಗೃಹಿಣಿ, ಬೆಳಗಾವಿ

ಉತ್ತರ: ಕಾಣದ ಬೆಳಕಿಗೆ ಪಾಪೆ ಕಿರಿದಾಗುವುದಿಲ್ಲವಾದ್ದರಿಂದ ನಿಮ್ಮ ಕಾಳಜಿ ಸರಿಯಾದದ್ದೇ. ದೀರ್ಘಕಾಲ ಕಣ್ಣಿನ ಮೇಲೆ ಬೀಳುವ ಅವಕೆಂಪಿಗೆ ಅಂತರರಾಷ್ಟ್ರೀಯ ಮಾನದಂಡ ಇಟ್ಟಿರುವ ಮಿತಿ ಪ್ರತಿ ಚದರ ಮೀಟರಿಗೆ 100 ವ್ಯಾಟ್. ಸಾಮಾನ್ಯ ಶಕ್ತಿಯ ನಾಲ್ಕಾರು ಎಲ್‌ಇಡಿಗಳಿಂದ 60 ಸೆಂಟಿಮೀಟರ್ ದೂರಕ್ಕೆ ತಲುಪುವುದು ಇದರ ನೂರರಲ್ಲಿ ಒಂದೆರಡು ಪಾಲಿನಷ್ಟು. ಮನೆಯಲ್ಲೇ ತಯಾರಿಸುವವರು ಮಾತ್ರ ಸಿಸಿಟಿವಿಗೆ ಬಳಸುವ ಭಾರಿ ಅವಕೆಂಪು ದೀಪಗಳನ್ನು ಮುಖದ ಹತ್ತಿರ ಇಡಬಾರದು.

ಪ್ರಶ್ನೆ: ಮಿದುಳಿನ ಪೆಟ್ ಸ್ಕ್ಯಾನ್‌ನಲ್ಲಿಯೂ ತಲೆಗೆ ಇಂಥ ಚುಕ್ಕೆಗಳನ್ನು ಕಟ್ಟುತ್ತಾರೆಂದು ಓದಿದೆ. ರೋಗಿ ಮಲಗಿಯೇ ಇರುವಾಗ ಇದರ ಅಗತ್ಯವೇನು?
– ರೇಡಿಯಾಲಜಿ ತಂತ್ರಜ್ಞ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ದೇಹಕ್ಕೆ ಕೊಟ್ಟ ಅಲ್ಪ ವಿಕಿರಣಶೀಲ ವಸ್ತು ಎಲ್ಲೆಲ್ಲಿ ಸೇರಿದೆ ಎಂದು ತೋರಿಸುವ ಪೆಟ್ ಚಿತ್ರಣ ಹತ್ತಾರು ನಿಮಿಷ ನಡೆಯುತ್ತದೆ, ಅಷ್ಟು ಹೊತ್ತು ಯಾರ ತಲೆಯೂ ಒಂದೇ ಕಡೆ ನಿಲ್ಲುವುದಿಲ್ಲ. ಮಿದುಳಿಗೆಂದೇ ತಯಾರಾದ ಎಚ್‌ಆರ್‌ಆರ್‌ಟಿ ಸ್ಕ್ಯಾನರ್ ಸುಮಾರು 2.5 ಮಿಲಿಮೀಟರ್ ವಿವರವನ್ನು ತೋರಿಸಬಲ್ಲದು. ರೋಗಿ ನಿದ್ದೆಗೆ ಜಾರಿ ತಲೆ ಐದು ಮಿಲಿಮೀಟರ್ ಸರಿದರೆ ಆ ಸೂಕ್ಷ್ಮತೆಯೆಲ್ಲ ವ್ಯರ್ಥ. ಆದ್ದರಿಂದ ಕೆನಡಾದ ನಾರ್ದರ್ನ್ ಡಿಜಿಟಲ್ ಕಂಪನಿಯ ಪೊಲಾರಿಸ್‌ನಂಥ ಸಾಧನದಿಂದ ತಲೆಯ ಚಲನೆಯನ್ನು ದಾಖಲಿಸಿಕೊಂಡು, ಆಮೇಲೆ ಚಿತ್ರ ಕಟ್ಟುವಾಗ ಅದನ್ನು ಕಳೆಯಲಾಗುತ್ತದೆ. ಇಲ್ಲಿ ಒಂದರ ಬದಲು ಎರಡು ಕ್ಯಾಮೆರಾಗಳಿದ್ದು, ಚುಕ್ಕೆಗಳಾಗಿ ತಲೆಗೆ ಕಟ್ಟಿದ ಪ್ರತಿಫಲಕ ಗೋಳಗಳಲ್ಲಿ ಪ್ರತಿಯೊಂದರ ದೂರವನ್ನು ಎರಡು ನೋಟಗಳ ವ್ಯತ್ಯಾಸದಿಂದಲೇ ನೇರವಾಗಿ ಪಡೆಯುತ್ತವೆ. ಹಾಗಾಗಿ ಮೇಲೆ ಹೇಳಿದ ನಾಲ್ಕು ಉತ್ತರಗಳ ತೊಡಕು ಇಲ್ಲಿಲ್ಲ.

ನೀವು ವೃತ್ತಿಗೆ ಇಳಿದಾಗ ಒಂದನ್ನು ನೆನಪಿಡಬೇಕು. ಕ್ಯಾಮೆರಾ ಅಳೆಯುವುದು ಗೋಳಗಳ ಚಲನೆಯನ್ನು, ತಲೆಬುರುಡೆಯ ಚಲನೆಯನ್ನಲ್ಲ. ಕಟ್ಟಿದ ಪಟ್ಟಿ ಕೂದಲಿನ ಮೇಲೆ ಜಾರಿದರೆ, ರೋಗಿ ಹುಬ್ಬೇರಿಸಿದಾಗ ಹಣೆಯ ಚರ್ಮ ಎಳೆದುಕೊಂಡರೆ, ಸರಿಯದ ತಲೆಗೂ ತಿದ್ದುಪಡಿ ಬೀಳುತ್ತದೆ, ಚಿತ್ರ ಇದ್ದದ್ದಕ್ಕಿಂತ ಕೆಡುತ್ತದೆ. ಪಟ್ಟಿಯನ್ನು ಬಿಗಿಯಾಗಿ, ಹುಬ್ಬಿನಿಂದ ಮೇಲಕ್ಕೆ ಕಟ್ಟಿ, ಸ್ಕ್ಯಾನ್ ಮುಗಿದ ಮೇಲೂ ಅದು ಮೊದಲಿದ್ದ ಜಾಗದಲ್ಲೇ ಇದೆಯೇ ಎಂದು ನೋಡಿ ಬರೆದಿಡುವುದು ತಂತ್ರಜ್ಞರ ಕೈಯಲ್ಲೇ ಇರುವ ಕೆಲಸ.