ಒಂಬತ್ತನೇ ತರಗತಿ ಮಕ್ಕಳ ಇಂಗ್ಲಿಷ್ ಆಲಿಸುವಿಕೆ ಮತ್ತು ಓದನ್ನು ಅಳೆಯುವುದು ಹೇಗೆ?

ಎರಡಕ್ಕೂ ಬೇರೆ ಬೇರೆ ಅಂಕ ಇಡಿ. ಬೆರೆಸಿದರೆ ಮಗು ಎಲ್ಲಿ ಎಡವುತ್ತಿದೆ ಎಂದು ತಿಳಿಯುವುದಿಲ್ಲ.

ಆಲಿಸುವಿಕೆಗೆ ಒಂದೂವರೆ ನಿಮಿಷದ ಧ್ವನಿಮುದ್ರಣ ಸಾಕು. ಮೊದಲು ಪ್ರಶ್ನೆ ಓದಿಕೊಳ್ಳಲು ಒಂದು ನಿಮಿಷ ಕೊಡಿ, ಆಮೇಲೆ ಎರಡು ಸಲ ಕೇಳಿಸಿ. ಉತ್ತರ ಟಿಕ್ ಗುರುತು ಅಥವಾ ಒಂದೆರಡು ಪದದಲ್ಲಿರಲಿ. ಸ್ಪೆಲಿಂಗ್ ತಪ್ಪಿಗೆ ಅಂಕ ಕಳೆಯಬೇಡಿ, ಕಳೆದರೆ ಅದು ಬರವಣಿಗೆಯ ಪರೀಕ್ಷೆಯಾಗಿಬಿಡುತ್ತದೆ. ‘ಫಿಫ್ಟೀನ್’, ‘ಫಿಫ್ಟಿ’ ಕೇಳುವಾಗ ಮಕ್ಕಳಿಗೆ ಗೊಂದಲವಾಗುವುದುಂಟು. ಅದಕ್ಕೆಂದೇ ಒಂದು ಪ್ರಶ್ನೆ ಇಡಿ.

ಓದಿಗೆ ಪಠ್ಯಪುಸ್ತಕದಲ್ಲಿಲ್ಲದ ಸುಮಾರು 200 ಪದಗಳ ಗದ್ಯ ಬೇಕು, ಪಾಠದ್ದೇ ಕೊಟ್ಟರೆ ಬಾಯಿಪಾಠದವರು ಗೆಲ್ಲುತ್ತಾರೆ. ವಾಕ್ಯ ಎತ್ತಿ ಬರೆದರೆ ಮುಗಿಯುವ ಪ್ರಶ್ನೆಗಳ ಜೊತೆ, ‘ಅವನು ಹಾಗೇಕೆ ಮಾಡಿದ?’ ಎಂಬಂಥ ಎರಡಾದರೂ ಇರಲಿ. ಇವಕ್ಕೆ ಕನ್ನಡದಲ್ಲಿ ಉತ್ತರಿಸಿದರೂ ಪೂರ್ತಿ ಅಂಕ ಕೊಡಿ.